ರೊಟ್ಟಿ ತುಣುಕು ಯಾವಾಗ ಒಗಿಬೇಕು: ನಾಯಿಗೂ ಮನಿ ಮಂದಿಗೂ ಚಲೋ ರೂಢಿ ಹಚ್ಚೋದು ಹೆಂಗ

ನಮ್ಮ ಮನಿ ಗಂಗಾವತ್ಯಾಗ. ನಾಯಿ ಹೆಸರು ಕರಿಯ, ಬೀದಿ ನಾಯಿ ಮರಿನ, ನಾನು ಲೆಕ್ಕ ಬರಿಯೋ ರೈಸ್ ಮಿಲ್ಲಿನ ಗೋಡೆ ಹಿಂದ ಭತ್ತದ ಹೊಟ್ಟಿನ ಗುಂಪಿನಾಗ ಸಿಕ್ಕಿದ್ದು. ವರ್ಷ ತುಂಬೋದ್ರಾಗ ಅದಕ್ಕ ಒಂದ್ ಚಟ ಹತ್ತಿತು, ರಾತ್ರಿ ನಾವು ಊಟಕ್ಕ ಕುಂತ್ವಿ ಅಂದ್ರ ಬಾಗ್ಲಾಗ ನಿಂತು ಬೊಗಳೋದು. ಅವ್ವ "ಸಾಕು ಬಾಯಿ ಮುಚ್ಚಲೇ" ಅಂತ ಒಂದ್ ತುಣುಕು ಜ್ವಾಳದ ರೊಟ್ಟಿ ಒಗಿತಿದ್ಲು, ಅದು ಸುಮ್ನಾಗ್ತಿತ್ತು, ಎರಡ್ ನಿಮಿಷ ಬಿಟ್ಟು ಮತ್ತ ಬೊಗಳೋದು ಮತ್ತ ತುಣುಕು, ಹಿಂಗ ಊಟ ಮುಗಿಯೋದ್ರಾಗ ಎರಡ್ ರೊಟ್ಟಿ ಖಾಲಿ. ನಮಗೆಲ್ಲಾ ಅನಿಸಿದ್ದು ಈ ನಾಯಿ ಹಠಮಾರಿ ಅಂತ. ಆದ್ರ ಒಂದ್ ಸಲ ಕುಂತು ನೋಡ್ರಿ, ಅದು ಏನ್ ಕಲ್ತಿತ್ತು? ಬೊಗಳಿದ್ರ ರೊಟ್ಟಿ ಬರ್ತೈತಿ. ಅವ್ವ ಏನ್ ಕಲ್ತಿದ್ಲು? ರೊಟ್ಟಿ ಒಗದ್ರ ಗದ್ದಲ ನಿಲ್ತೈತಿ. ಇಬ್ರಿಗೂ ಲಾಭ ಆಗಿತ್ತು, ಅದಕ್ಕ ಇಬ್ರೂ ಬಿಡ್ಲಿಲ್ಲ. ನಾಯಿ ಅವ್ವಗ ಟ್ರೇನಿಂಗ್ ಕೊಡಕತ್ತಿತ್ತು, ಅವ್ವ ನಾಯಿಗೆ ಕೊಡಕತ್ತಿದ್ಲು, ಒಬ್ರಿಗೂ ಗೊತ್ತಿರ್ಲಿಲ್ಲ.

ಇದನ್ನ ಹೆಂಗ ಸರಿ ಮಾಡಿದ್ವಿ ಅನ್ನೋದನ್ನ ಹೇಳ್ತೀನಿ, ಹೇಳ್ತಾ ಹೇಳ್ತಾ ಮಕ್ಕಳ ವಿಷಯ, ದೊಡ್ಡೋರ ವಿಷಯಾನೂ ಬರ್ತೈತಿ, ಯಾಕಂದ್ರ ಒಳಗಿನ ಲೆಕ್ಕ ಒಂದ.

ಲೆಕ್ಕ ಏನಪ್ಪಾ ಅಂದ್ರ, ಒಂದ್ ಕೆಲಸ ಮಾಡಿದ ಬೆನ್ನಿಗೆ ಏನ್ ಸಿಗ್ತೈತೋ ಅದರ ಮ್ಯಾಲ ಆ ಕೆಲಸ ನಾಳೆ ಹೆಚ್ಚಾಗ್ತೈತೋ ಕಡಿಮಿ ಆಗ್ತೈತೋ ಅನ್ನೋದು ಕುಂತಿರ್ತೈತಿ. 1898ರಾಗ ಅಮೆರಿಕಾದ ಥಾರ್ನ್‌ಡೈಕ್ ಅನ್ನೋರು ಹಸಿದ ಬೆಕ್ಕನ್ನ ಕಟ್ಟಿಗಿ ಪೆಟ್ಟಿಗ್ಯಾಗ ಇಟ್ಟು ಹೊರಗ ತಿನಿಸು ಇಟ್ಟು ನೋಡಿದ್ರು. ಮೊದಲ ಸಲ ಬೆಕ್ಕು ಪರಚಿ ಒದ್ದಾಡಿ ಹೆಂಗೋ ಅಗಳಿ ತಗದು ಹೊರಗ ಬಂತು, ಮತ್ತ ಮತ್ತ ಇಟ್ಟಂಗ ಬೇಕಿಲ್ಲದ ಒದ್ದಾಟ ಒಂದೊಂದ ಉದುರಿ ಹೋಗಿ, ಕಡೀಕ ಒಳಗ ಇಟ್ಟ ಕೂಡ್ಲೆ ಸೀದಾ ಅಗಳಿಗೇ ಕೈ ಹಾಕ್ತು. ಯಾರೂ ಅದಕ್ಕ ಬುದ್ಧಿ ಹೇಳ್ಲಿಲ್ಲ, ಬೈಲಿಲ್ಲ. ಲಾಭ ಆಗಿದ್ದು ಉಳಿತು, ಆಗದೆ ಇದ್ದದ್ದು ಹೋತು. ಆಮ್ಯಾಲ ಸ್ಕಿನ್ನರ್ ಅನ್ನೋರು ಇಲಿ, ಪಾರಿವಾಳ ಇಟ್ಕೊಂಡು ಇದನ್ನ ಇನ್ನೂ ದೂರ ಒಯ್ದು ಇಡೀ ಶಾಸ್ತ್ರಾನ ಕಟ್ಟಿದ್ರು.

ಇದ್ರಾಗ ದಾರಿ ನಾಕು. ಚಲೋದನ್ನ ಕೊಡೋದು, ಕೆಟ್ಟದ್ದನ್ನ ಕೊಡೋದು, ಚಲೋದನ್ನ ಕಸ್ಕೊಳ್ಳೋದು, ಕೆಟ್ಟದ್ದನ್ನ ತಗದು ಹಾಕೋದು. ಕುಂತ ನಾಯಿಗೆ ತತ್ತಿ ತುಣುಕು ಹಾಕಿದ್ರ ಅದು ಮೊದಲನೇದು. ಏಟು ಹಾಕಿದ್ರ ಎರಡನೇದು. ಮೈಮ್ಯಾಲ ಹಾರೋ ನಾಯಿಗೆ ಬೆನ್ನು ತಿರುಗಿಸಿ ನಿಂತ್ರಿ ಅಂದ್ರ ಅದಕ್ಕ ಬೇಕಾಗಿದ್ದ ನಿಮ್ಮ ಮುಖಾನ ಕಸ್ಕೊಂಡಂಗಾತು, ಮೂರನೇದು. ನಾಕನೇದು ನಮ್ಮ ಅವ್ವಂದು, ರೊಟ್ಟಿ ಒಗದ ಕೂಡ್ಲೆ ಕಿವಿಗೆ ಬಡಿಯೋ ಗದ್ದಲ ಹೋತು, ಅದಕ್ಕ ರೊಟ್ಟಿ ಒಗಿಯೋ ರೂಢಿ ಗಟ್ಟಿ ಆತು. ಗಾಡಿ ಸೀಟ್ ಬೆಲ್ಟ್ ಹಾಕೋವರೆಗೂ ಕುಂಯ್ ಕುಂಯ್ ಅಂತೈತಲ್ಲ, ಅದೂ ಇದ. ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ: ಮನಿಯಾಗ ದಿನಾ ಬಳಸೋಕ ಒಂದನೇದು, ಮೂರನೇದು ಎರಡ ಸಾಕು. ಹೊಡಿಯೋದು ಬ್ಯಾಡ. ಯಾಕ ಅಂತ ಮುಂದ ಬರ್ತೈತಿ.

ಶುರು ಮಾಡೋಕ ಮುಂಚೆ ಒಂದ್ ಹಳೆ ಲೆಕ್ಕದ ಬುಕ್ ತಗೊಂಡು ಮೂರ್ ದಿನ ಸುಮ್ನ ಬರಿರಿ. ನಿಮಗ ಬ್ಯಾಡಾದ ಕೆಲಸ ಯಾವುದು, ಅದರ ಮುಂಚೆ ಏನಾತು, ಅದು ಆದ ತಕ್ಷಣ ಯಾರು ಏನ್ ಮಾಡಿದ್ರು. ನಾನು ಬರ್ದಿದ್ದು ಹಿಂಗಿತ್ತು: ರಾತ್ರಿ 8:40, ತಾಟು ಸಪ್ಪಳ, ಬೊಗಳ್ತು, ಅವ್ವ ರೊಟ್ಟಿ ಒಗದ್ಲು. 8:43, ಬೊಗಳ್ತು, ನಾನು ಬೈದೆ, ಅದು ಬಾಲ ಅಲ್ಲಾಡಿಸ್ತು. ಆ ಎರಡನೇ ಸಾಲು ನೋಡಿ ನನಗ ಹೊಳಿತು, ನಾನು ಬೈದಿದ್ದೂ ಅದಕ್ಕ ಒಂದ್ ಇನಾಮ, ಯಾಕಂದ್ರ ಇಡೀ ದಿನ ಮಿಲ್ಲಿನಾಗ ಇದ್ದು ಮನಿಗೆ ಬಂದ ಮನುಷ್ಯಾ ಕಡೀಕ ಅದರ ಕಡೆ ತಿರುಗಿ ಮಾತಾಡಿದ. ಸಣ್ಣ ಹುಡುಗ್ರೂ ಹಂಗ ಅದಾವು ನೋಡ್ರಿ, ಸುಮ್ನ ಆಡ್ಕೋತ ಕುಂತಾಗ ಯಾರೂ ಮಾತಾಡ್ಸಂಗಿಲ್ಲ, ಏನಾರ ಬೀಳಿಸಿದ್ರ ಇಡೀ ಮನಿ ಓಡಿ ಬರ್ತೈತಿ. ಕೂಸಿಗೆ ಬೈಗಳಾದ್ರೂ ಆತು, ತನ್ನ ಕಡೆ ನೋಡಿದ್ರಲ್ಲ.

ಇನಾಮ ಯಾವುದು ಅನ್ನೋದನ್ನ ನೀವು ತೀರ್ಮಾನ ಮಾಡಂಗಿಲ್ಲ, ತಗೊಳ್ಳೋನು ಮಾಡ್ತಾನ. ಅಂಗಡ್ಯಾಗಿನ ದುಬಾರಿ ಬಿಸ್ಕೀಟು ತಂದ್ರ ಕರಿಯ ಮೂಸಿ ನೋಡಿ ಬಿಡ್ತಿತ್ತು, ಕುದಿಸಿದ ಕೋಳಿ ಕಾರ್ಜ ಅಂದ್ರ ಓಡಿ ಬರ್ತಿತ್ತು. ತುಣುಕು ಶೇಂಗಾ ಕಾಳಿಗಿಂತ ದೊಡ್ಡದು ಬ್ಯಾಡ, ನುಂಗಿ ಮುಂದಿಂದಕ್ಕ ರೆಡಿ ಆಗ್ಬೇಕು ಅಷ್ಟ. ದಿನದ ಊಟದಾಗ ಹತ್ತರಾಗ ಒಂದ್ ಪಾಲಿಗಿಂತ ಹೆಚ್ಚು ಇಂಥಾ ತಿನಿಸು ಕೊಡಬಾರ್ದು ಅಂತ ಡಾಕ್ಟರ್‌ಗಳು ಹೇಳ್ತಾರ, ಅದನ್ನ ಊಟದ ಲೆಕ್ಕದಾಗ ಕಳದು ಹಾಕ್ರಿ. ನಮ್ಮ ಕಡೆ ಒಂದ್ ತಪ್ಪು ಎಲ್ಲಾರೂ ಮಾಡ್ತಾರ, ಸಂಜಿಗೆ ಮಂಡಕ್ಕಿ ಒಗ್ಗರಣಿ ತಿನ್ನುವಾಗ ಒಂದ್ ಮುಷ್ಟಿ ನಾಯಿಗೂ ಹಾಕ್ತಾರ. ಅದ್ರಾಗ ಉಳ್ಳಾಗಡ್ಡಿ ಇರ್ತೈತ್ರಿ, ಉಳ್ಳಾಗಡ್ಡಿ ಬಳ್ಳೊಳ್ಳಿ ನಾಯಿ ರಕ್ತಕ್ಕ ವಿಷ. ದ್ರಾಕ್ಷಿ, ಚಾಕ್ಲೇಟೂ ಬ್ಯಾಡ. ಒಗ್ಗರಣಿ ಹಾಕೋಕ ಮುಂಚಿನ ಒಣ ಮಂಡಕ್ಕಿ ನಾಕು ಕಾಳು ಹಾಕಿದ್ರ ಏನೂ ಆಗಂಗಿಲ್ಲ.

ಇನ್ನ ಟೈಮಿಂಗು. ಎಲ್ಲಾ ಇಲ್ಲೇ ಕೆಡೋದು. ನಾಯಿಗೆ ಒಂದ್ ಸೆಕೆಂಡು, ಹೆಚ್ಚಂದ್ರ ಎರಡು. ಅದು ಕುಂತ್ಮ್ಯಾಲ ನೀವು ಜೇಬಿಗೆ ಕೈ ಹಾಕಿ, ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿ ತುಣುಕು ತಗಿಯೋದ್ರಾಗ ಅದು ಎದ್ದು ನಿಂತು ನಿಮ್ಮ ಕೈ ಮೂಸಿರ್ತೈತಿ, ಇನಾಮ ಹೋಗಿದ್ದು ಮೂಸಿದ್ದಕ್ಕ. ಅದಕ್ಕ ಒಂದ್ ಗುರುತಿನ ಸಪ್ಪಳ ಇಟ್ಕೊಳ್ರಿ. ಪೇಟಿಯೋರು ಕ್ಲಿಕ್ಕರ್ ಅಂತ ತಗೋತಾರ, ನಾನು ನಾಲಿಗಿಲೆ "ಟಕ್" ಅಂತೀನಿ, ಎತ್ತು ಹೊಡಿಯೋರ ಮನಿಯಾಗ ಹುಟ್ಟಿದೋರಿಗೆ ಇದನ್ನ ಕಲಿಸ್ಬೇಕಾಗಿಲ್ಲ. ಮೊದಲ ಎರಡ್ ದಿನ ಬರೇ ಟಕ್ ಅನ್ರಿ, ತುಣುಕು ಹಾಕ್ರಿ, ಇಪ್ಪತ್ತು ಸಲ, ನಾಯಿ ಏನೂ ಮಾಡ್ಬೇಕಾಗಿಲ್ಲ. ಟಕ್ ಅಂದ ಕೂಡ್ಲೆ ಕಿವಿ ಎತ್ತಿ ನಿಮ್ಮ ಕೈ ನೋಡ್ತು ಅಂದ್ರ ಸಪ್ಪಳಕ್ಕ ಬೆಲೆ ಬಂತು ಅಂತ ತಿಳ್ಕೊಳ್ರಿ. ಆಮ್ಯಾಲ ಅದು ಸರಿ ಕೆಲಸ ಮಾಡಿದ ಆ ಗಳಿಗ್ಯಾಗ ಟಕ್ ಅನ್ರಿ, ತುಣುಕು ಮೂರ್ ಸೆಕೆಂಡ್ ತಡ ಆದ್ರೂ ನಡಿತೈತಿ.

ಕುಂದ್ರೋದು ಕಲಿಸೋದು ಹಿಂಗ. ತುಣುಕು ಹಿಡಿದ ಕೈನ ನಾಯಿ ಮೂಗಿನ ಹಂತೇಕ ಒಯ್ಯಿರಿ, ಅಲ್ಲಿಂದ ಮೆಲ್ಲಕ ಅದರ ತಲಿ ಮ್ಯಾಲಿಂದ ಹಿಂದಕ್ಕ ಸರಿಸ್ರಿ, ಭಾಳ ಎತ್ರಕ್ಕ ಎತ್ತಿದ್ರ ಹಾರ್ತೈತಿ, ಒಂದ್ ಗೇಣಿನ ಒಳಗ ಇರ್ಲಿ. ಮೂಗು ಮ್ಯಾಲ ಹೋದಂಗ ಕುಂಡಿ ತಾನಾಗೇ ಕೆಳಗ ಇಳಿತೈತಿ. ನೆಲಕ್ಕ ಹತ್ತಿದ ಗಳಿಗಿಗೆ ಟಕ್. ಬೆನ್ನು ಒತ್ತಿ ಕುಂದ್ರಸಬ್ಯಾಡ್ರಿ, ಒತ್ತಿದ್ರ ಅದು ಎದುರು ಒತ್ತೋದನ್ನ ಕಲಿತೈತಿ. ಹತ್ತು ಸಲ ಸರಿಯಾಗಿ ಮಾಡ್ತು ಅಂದ್ರ ಆಗ "ಕುಂದ್ರು" ಅನ್ನೋ ಮಾತು ಸೇರಸ್ರಿ, ಮೊದಲ ಮಾತು ಹೇಳಿ ಹೇಳಿ ಬೆಲೆ ಕಳಿಬ್ಯಾಡ್ರಿ. ಐದ್ ನಿಮಿಷ ಸಾಕು, ದಿನಕ್ಕ ಎರಡ್ ಮೂರ್ ಸಲ. ನಮ್ಮ ಬ್ಯಾಸಗಿ ಗೊತ್ತಲ್ರಿ, ರಾಯಚೂರ್ ಬಳ್ಳಾರಿ ಕಡೆ 40 ಡಿಗ್ರಿ ದಾಟ್ತೈತಿ, ಬೆಳಿಗ್ಗೆ ಏಳರೊಳಗ ಮುಗಿಸ್ರಿ. ಡಾಂಬರ್ ರೋಡಿನ ಮ್ಯಾಲ ನಿಮ್ಮ ಮುಂಗೈ ಹಿಂಬದಿ ಏಳ್ ಸೆಕೆಂಡ್ ಇಟ್ಟು ತಡಕೊಳ್ಳಾಕ ಆಗ್ಲಿಲ್ಲ ಅಂದ್ರ ನಾಯಿ ಪಾದಕ್ಕೂ ಆಗಂಗಿಲ್ಲ.

ಕೆಲಸ ದೊಡ್ಡದಿದ್ರ ತುಂಡು ಮಾಡ್ಬೇಕು. ಇದರ ಕಥಿ ನನಗ ಭಾಳ ಸೇರ್ತೈತಿ, ಯಾಕಂದ್ರ ನಡೆದಿದ್ದು ಒಂದ್ ಗಿರಣ್ಯಾಗ. 1943ರಾಗ ಯುದ್ಧದ ಟೈಮು, ಸ್ಕಿನ್ನರ್ ಮತ್ತ ಅವ್ರ ಜೋಡಿದಾರರು ಮಿನಿಯಾಪೊಲಿಸ್ ಊರಿನ ಹಿಟ್ಟಿನ ಗಿರಣಿ ಮ್ಯಾಲಿನ ಮಹಡ್ಯಾಗ ಪಾರಿವಾಳಕ್ಕ ಬಾಂಬ್ ದಾರಿ ತೋರ್ಸೋದನ್ನ ಕಲಿಸೋ ಕೆಲಸದಾಗ ಇದ್ರು. ಒಂದ್ ದಿನ ಖಾಲಿ ಕುಂತಾಗ ಒಂದ್ ಪಾರಿವಾಳಕ್ಕ ಕೊಕ್ಕಿಲೆ ಕಟ್ಟಿಗಿ ಚೆಂಡು ಹೊಡಿಯೋದನ್ನ ಕಲಿಸೋಣು ಅಂತ ಕುಂತ್ರು. ಚೆಂಡಿಗೆ ಹೊಡಿಲಿ, ಆಮ್ಯಾಲ ಕಾಳು ಕೊಡೋಣು ಅಂತ ಕಾಯ್ದ್ರು ಕಾಯ್ದ್ರು, ಏನೂ ಆಗ್ಲಿಲ್ಲ. ಬ್ಯಾಸತ್ತು, ಚೆಂಡಿನ ಕಡೆ ಬರೇ ನೋಡಿದ್ರೂ ಕಾಳು ಕೊಡಾಕ ಶುರು ಮಾಡಿದ್ರು, ಆಮ್ಯಾಲ ಹತ್ರ ಹೋದ್ರ, ಆಮ್ಯಾಲ ಕೊಕ್ಕು ತಾಗಿಸಿದ್ರ. ನೋಡ್ ನೋಡೋದ್ರಾಗ ಆ ಹಕ್ಕಿ ಚೆಂಡನ್ನ ಪೆಟ್ಟಿಗಿ ಗೋಡಿಗೆ ಬಡದು ಆಟಗಾರನಂಗ ಆಡಾಕ ಹತ್ತಿತು. ಪೂರ್ತಿ ಕೆಲಸ ಆಗ್ಲಿ ಅಂತ ಕಾಯೋದು ಬಿಟ್ಟು, ಆ ದಿಕ್ಕಿಗೆ ಹೊರಳಿದ ಒಂದ್ ಹೆಜ್ಜಿಗೂ ಕೊಡೋದು, ಅಷ್ಟ. ನಮ್ಮ ಅಕ್ಕನ ಮಗಾ ಮಗ್ಗಿ ಬರಿಯಾಕ ಒಲ್ಲೆ ಅಂತಿದ್ದ, ಇಪ್ಪತ್ತರ ಮಗ್ಗಿತನಕ ಬರಿ ಅಂದ್ರ ಪುಸ್ತಕಾನ ಎಸಿತಿದ್ದ, ಅಕ್ಕಗ ಈ ಪಾರಿವಾಳದ ಕಥಿ ಹೇಳ್ದೆ, ಮೊದಲ ವಾರ ಬರೇ ಪುಸ್ತಕ ಬಿಚ್ಚಿ ಎರಡ್ ಸಾಲು ಬರದ್ರ ಸಾಕು ಅಂದ್ಲು, "ಏಳರ ಮಗ್ಗಿ ಎರಡ್ ಸಾಲು ಹೇಳಿಸ್ಕೊಳ್ಳದನ ಬರ್ದಿ" ಅಂತ ಬಾಯಿಬಿಟ್ಟು ಹೇಳಿದ್ಲು. ಹೊಗಳೋದಿದ್ರ ಹಿಂಗ ಹೊಗಳ್ರಿ, ಏನ್ ಮಾಡಿದ್ದು ಚಲೋ ಅನ್ನೋದನ್ನ ಹೆಸ್ರು ಹಿಡ್ದು. ಬರೇ "ಶಾಣ್ಯಾ ಅದಿ" ಅಂದ್ರ ಹುಡುಗಗ ನಾಳೆ ಏನ್ ಮತ್ತ ಮಾಡ್ಬೇಕು ಅಂತ ಗೊತ್ತಾಗಂಗಿಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ತಪ್ಪಿಗೆ ಬರ್ತೀನಿ, ನಾನೂ ಮಾಡೀನಿ, ಇದನ್ನ ಓದೋರೂ ಮಾಡಿರ್ತೀರಿ. ಒಂದ್ ದಿನ ಕರಿಯ ಗೇಟ್ ದಾಟಿ ಕಾಲುವಿ ಕಡೆ ಓಡ್ತು. "ಬಾ ಬಾ ಕರಿಯಾ" ಅಂತ ಕೂಗಿ ಕೂಗಿ ಗಂಟಲು ಹೋತು, ಅರ್ಧ ತಾಸಿಗೆ ಬಂತು, ಬಾಲ ಅಲ್ಲಾಡಿಸ್ಕೋತ ನನ್ನ ಕಾಲಾಗ ಬಂದು ನಿಂತಿತು, ನಾನು ಸಿಟ್ಟಿಗೆ ಎರಡ್ ಬಿಟ್ಟೆ. ಏನ್ ಕಲಿತು ಅದು? ಓಡಿದ್ದಕ್ಕ ಏಟು ಬಿತ್ತು ಅಂತಲ್ಲ, ಓಡಿದ್ದು ಅರ್ಧ ತಾಸಿನ ಹಿಂದಿನ ಮಾತು. ಕೊನಿಗೆ ಮಾಡಿದ ಕೆಲಸ ನನ್ನ ಹಂತೇಕ ಬಂದಿದ್ದು, ಏಟು ಬಿದ್ದಿದ್ದು ಅದಕ್ಕ. ಮುಂದ ಒಂದ್ ತಿಂಗಳು ಕರದ್ರ ನಾಕು ಮಾರು ದೂರ ನಿಂತು ನನ್ನ ಕೈ ನೋಡ್ತಿತ್ತು. ಆ ನೋಟ ನನಗ ಇನ್ನೂ ಮರ್ತಿಲ್ಲ.

ಅದಕ್ಕ ಒಂದ್ ನಿಯಮ ಇಟ್ಕೊಳ್ರಿ, ಕರದಾಗ ಬಂದ ನಾಯಿಗೆ ಎಷ್ಟು ತಡ ಆಗಿರ್ಲಿ, ಎಷ್ಟು ಕೆಸರಾಗಿರ್ಲಿ, ಇನಾಮ ಸಿಗ್ಬೇಕು. ಸ್ನಾನ ಮಾಡ್ಸಾಕ, ಕಟ್ಟಿ ಹಾಕಾಕ, ಇಂಜೆಕ್ಷನ್ ಹಾಕ್ಸಾಕ ಕರಿಬ್ಯಾಡ್ರಿ, ನೀವ ಹೋಗಿ ಹಿಡ್ಕೊಂಡ್ ಬರ್ರಿ. ದಿನಕ್ಕ ಹತ್ತು ಸಲ ಸುಮ್ನ ಕರ್ದು, ಕಾರ್ಜದ ತುಣುಕು ಕೊಟ್ಟು, ಮತ್ತ ಆಡಾಕ ಬಿಡ್ರಿ. ಕೆಟ್ಟು ಹೋದ "ಬಾ" ರಿಪೇರಿ ಆಗೋದು ತಡ, ನಾನು ಆ ಮಾತನ್ನ ಬಿಟ್ಟು ಸೀಟಿ ಹೊಡಿಯೋದನ್ನ ಹೊಸದಾಗಿ ಕಲಿಸ್ದೆ.

ಮನಷ್ಯಾರಾಗ ಇದನ್ನ ಎಲ್ಲಿ ನೋಡ್ತೀರಿ ಹೇಳ್ರಿ? ನನ್ನ ತಮ್ಮ ತೋರಣಗಲ್ಲಿನ ಕಡೆ ಸ್ಟೀಲ್ ಪ್ಲಾಂಟಿನಾಗ ಶಿಫ್ಟ್ ಕೆಲಸ ಮಾಡ್ತಾನ. ಹದಿನೈದ್ ದಿನಕ್ಕೊಮ್ಮೆ ಫೋನ್ ಹಚ್ಚಿದ್ರ ಅವ್ವ ಎತ್ತಿದ ಕೂಡ್ಲೆ "ಈಗ ನೆನಪಾತೇನಪಾ ನಮ್ಮದು? ಸತ್ತಾರೋ ಬದುಕ್ಯಾರೋ ಅಂತ ಕೇಳಾಕರ ಹಚ್ಚಿದ್ಯಲ್ಲ" ಅಂತ ಶುರು. ಪ್ರೀತಿ ಇರೋದ್ರಿಂದ್ಲೇ ಆ ಮಾತು ಬರೋದು, ಖರೆ. ಆದ್ರ ಫೋನ್ ಹಚ್ಚಿದ್ದಕ್ಕ ಅವಂಗ ಸಿಕ್ಕಿದ್ದೇನು? ಬೈಗಳ. ಹಚ್ಚದ ಇದ್ದ ದಿನ ಏನ್ ಸಿಕ್ಕಿತ್ತು? ಶಾಂತಿ. ಹದಿನೈದು ದಿನ ಇಪ್ಪತ್ತಾತು, ಇಪ್ಪತ್ತು ತಿಂಗಳಾತು. ನಾನು ಅವ್ವಗ ಕರಿಯಂದ ಕಥಿ ಹೇಳಿ "ಅವ್ವಾ, ಬಂದ ನಾಯಿಗೆ ಹೊಡಿಬಾರ್ದು ಅಂತ ನೀನ ನನಗ ಬೈದಿದ್ದಿ, ಇವಂಗೂ ಹಂಗ ಬೇ" ಅಂದೆ. ಸುಮ್ನ ಕುಂತಿದ್ಲು, ಏನೂ ಅನ್ಲಿಲ್ಲ. ಮುಂದಿನ ಸಲ ಅವನು ಹಚ್ಚಿದಾಗ "ಉಂಡೆನಪಾ? ನಿನ್ನ ದನಿ ಕೇಳಿ ಜೀವ ತಣ್ಣಗಾತು ನೋಡು" ಅಂದ್ಲು. ಈಗ ರವಿವಾರ ಬಂತಂದ್ರ ಅವಂದ ಫೋನ್ ಬರ್ತೈತಿ, ಕೆಲವೊಮ್ಮೆ ಬುಧವಾರಾನೂ.

ತಪ್ಪು ಒಪ್ಕೊಂಡ ಮಗುವಿಂದೂ ಇದ ಕಥಿ. "ಗ್ಲಾಸ್ ನಾನ ಒಡದೆ" ಅಂತ ಬಂದು ಹೇಳಿದ ಹುಡುಗಿಗೆ ಹೊಡದ್ರಿ ಅಂದ್ರ, ಒಡಿಯೋದು ನಿಲ್ಲಂಗಿಲ್ಲ, ಹೇಳೋದು ನಿಲ್ತೈತಿ. ಮೊದಲ "ಬಂದು ಹೇಳಿದ್ಯಲ್ಲ, ಚಲೋ ಮಾಡ್ದಿ" ಅನ್ರಿ, ಆಮ್ಯಾಲ ಕಸಬರಿಗಿ ತಗೊಂಡು ಜೋಡಿಲೆ ಬಳಿರಿ, ಗಾಜು ಕಾಲಿಗೆ ಚುಚ್ಚದಂಗ ನೋಡ್ಕೊಂಡು. ಶಿಕ್ಷೆ ಅಂದ್ರ ಕೆಲಸಕ್ಕ ಸಂಬಂಧ ಇರೋ ಪರಿಣಾಮ ಇರ್ಬೇಕು. ಚೆಲ್ಲಿದ್ರ ಒರೆಸೋದು. ಸೈಕಲ್ ಒಳಗ ಇಡ್ಲಿಲ್ಲ ಅಂದ್ರ ನಾಳೆ ಸೈಕಲ್ ಇಲ್ಲ, ಒಂದ್ ದಿನ ಅಷ್ಟ, ಆ ಮಾತು ಮುಂಚೆನ ಗೊತ್ತಿರ್ಬೇಕು, ಸಿಟ್ಟು ಬಂದ ಹೊತ್ತಿಗೆ ಹುಟ್ಟಿದ್ದಾಗಿರಬಾರ್ದು.

ಹೊಡಿಯೋದು ಯಾಕ ಬ್ಯಾಡ ಅಂತ ಕೇಳ್ತೀರಿ, ನಮ್ಮಪ್ಪ ನಮಗ ಹೊಡದ ಬೆಳೆಸ್ಯಾನ ಅಂತೀರಿ. ನೋಡ್ರಿ, ಏಟು ಆ ಗಳಿಗಿಗೆ ನಿಲ್ಲಿಸ್ತೈತಿ, ಅದಕ್ಕ ಹೊಡದೋರಿಗೆ ಇನಾಮ ಸಿಕ್ಕಂಗ ಆಗಿ ಹೊಡಿಯೋ ಚಟ ಹತ್ತೈತಿ. ಆದ್ರ ಏನ್ ಮಾಡ್ಬೇಕು ಅನ್ನೋದನ್ನ ಏಟು ಕಲಿಸಂಗಿಲ್ಲ, ಯಾರ ಮುಂದ ಮಾಡಬಾರ್ದು ಅನ್ನೋದನ್ನ ಅಷ್ಟ ಕಲಿಸ್ತೈತಿ. ನೀವಿದ್ದಾಗ ಸೋಫಾ ಹತ್ತದ ನಾಯಿ ನೀವು ಮಿಲ್ಲಿಗೆ ಹೋದ ಕೂಡ್ಲೆ ಹತ್ತಿ ಮಲಗಿರ್ತೈತಿ. ಇನ್ನೊಂದು ಭಯ ಐತಿ. ಗುರ್ ಅಂದಾಗೆಲ್ಲಾ ಹೊಡದ್ರ ನಾಯಿ ಗುರ್ ಅನ್ನೋದನ್ನ ಬಿಡ್ತೈತಿ, ಒಳಗಿನ ಹೆದರಿಕಿ ಹಂಗ ಇರ್ತೈತಿ, ಒಂದ್ ದಿನ ಸುಳಿವು ಕೊಡದ ಸೀದಾ ಬಾಯಿ ಹಾಕ್ತೈತಿ. ಗುರ್ ಅನ್ನೋದು ಅದರ ಮಾತು, ಕೇಳಿಸ್ಕೊಂಡು ಹಿಂದ ಸರಿರಿ, ಯಾಕಂತ ಹುಡುಕ್ರಿ. ಯಾವ ನಾಯಿನ ಕಚ್ಲಿ, ಪರಚ್ಲಿ, ಗಾಯಾನ ಹರಿಯೋ ನೀರಾಗ ಸೋಪು ಹಚ್ಚಿ 15 ನಿಮಿಷ ತೊಳಿರಿ, ಅವತ್ತ ದವಾಖಾನಿಗೆ ಹೋಗಿ ರೇಬಿಸ್ ಇಂಜೆಕ್ಷನ್ ತಗೊಳ್ರಿ, ಸುಣ್ಣ ಖಾರದಪುಡಿ ಹಚ್ಚಿ ಕುಂದ್ರಬ್ಯಾಡ್ರಿ.

"ಚಪ್ಪಲಿ ಕಡದೈತಿ, ನಾನು ಬಂದ ಕೂಡ್ಲೆ ಮುಖ ಸಣ್ಣದು ಮಾಡ್ತೈತಿ, ಅದಕ್ಕ ತಪ್ಪು ಗೊತ್ತೈತಿ" ಅಂತ ಭಾಳ ಮಂದಿ ಹೇಳ್ತಾರ. 2009ರಾಗ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ಅಮೆರಿಕಾದ ಸಂಶೋಧಕಿ ಇದನ್ನ ಪರೀಕ್ಷೆ ಮಾಡಿ ನೋಡಿದ್ರು. ತಿನ್ನಬ್ಯಾಡ ಅಂದ ತಿನಿಸನ್ನ ನಾಯಿ ತಿಂದೈತೋ ಇಲ್ಲೋ ಅನ್ನೋದಕ್ಕೂ ಆ ಸಪ್ಪಗಿನ ಮುಖಕ್ಕೂ ಸಂಬಂಧಾನ ಕಾಣ್ಲಿಲ್ಲ, ಮಾಲಕರು ಬೈದಾಗ ಆ ಮುಖ ಬಂತು, ಏನೂ ತಿನ್ನದ ನಾಯಿಗೂ ಬಂತು. ಅದು ತಪ್ಪು ಒಪ್ಕೊಳ್ಳೋ ಮುಖ ಅಲ್ಲ, ನಿಮ್ಮ ಸಿಟ್ಟಿಗೆ ಹೆದರಿದ ಮುಖ. ಚಪ್ಪಲಿ ಮ್ಯಾಗ ಎತ್ತಿ ಇಡ್ರಿ, ಕಡಿಯಾಕ ಬೇರೆ ಏನಾರ ಕೊಡ್ರಿ, ಮುಗಿತು.

ಇನ್ನ ನಮ್ಮ ರಾತ್ರಿ ಊಟದ ಕಥಿಗೆ ಬರ್ತೀನಿ. ಬೊಗಳಿದ್ರ ಇನ್ಮುಂದ ಯಾರೂ ಒಂದ್ ತುಣುಕು ಹಾಕಬಾರ್ದು, ಬೈಬಾರ್ದು, ತಿರುಗಿ ನೋಡಬಾರ್ದು ಅಂತ ಮನಿಯಾಗ ಠರಾವ್ ಮಾಡಿದ್ವಿ. ಮೊದಲ ರಾತ್ರಿ ಹತ್ತು ನಿಮಿಷ ಬೊಗಳ್ತು. ಎರಡನೇ ರಾತ್ರಿ ಇಪ್ಪತ್ತು. ಮೂರನೇ ರಾತ್ರಿ ಬಾಗಿಲು ಪರಚಿ, ನೀರಿನ ಬುಟ್ಟಿ ಉರುಳಿಸಿ, ಓಣಿಯೋರು ಬಂದು "ಏನಾಗೈತ್ರಿ ನಾಯಿಗೆ" ಅಂತ ಕೇಳೋವಷ್ಟು. ಇದು ಆಗಾದ, ಗೊತ್ತಿರ್ಲಿ. ದಿನಾ ಸಿಗೋದು ಸಿಗ್ಲಿಲ್ಲ ಅಂದ್ರ ಬಿಡೋಕ ಮುಂಚೆ ಒಂದ್ ಸಲ ಜೋರು ಹೆಚ್ಚಾಗ್ತೈತಿ. ಬೋರ್‌ವೆಲ್ ಸ್ವಿಚ್ ಹಾಕಿದ್ರ ಮೋಟ್ರು ಚಾಲೂ ಆಗ್ಲಿಲ್ಲ ಅಂದ್ರ ನೀವು ಏನ್ ಮಾಡ್ತೀರಿ, ಟಕ ಟಕ ಟಕ ಹತ್ತು ಸಲ ಒತ್ತಿ, ಪೆಟ್ಟಿಗಿಗೆ ಒಂದ್ ಬಡದು, ಆಮ್ಯಾಲ ಬಿಡ್ತೀರಲ್ಲ, ಅದ. ಇಲ್ಲೇ ಎಲ್ಲಾರೂ ಸೋಲೋದು. ನಾವೂ ಸೋತ್ವಿ. ನಾಕನೇ ರಾತ್ರಿ ಅಜ್ಜಿ "ಪಾಪ ಮೂಕ ಪ್ರಾಣಿ, ನಿಮಗ ಕರುಳು ಇಲ್ಲೇನು" ಅಂತ ಸೆರಗಿನಾಗ ಮುಚ್ಕೊಂಡ್ ಹೋಗಿ ಅರ್ಧ ರೊಟ್ಟಿ ಹಾಕಿ ಬಂದ್ಲು.

ಏನ್ ಆತು ಅಂದ್ರ, ಹತ್ತು ನಿಮಿಷ ಬೊಗಳಿದ್ರ ಸಿಗಂಗಿಲ್ಲ, ಬಾಗಿಲು ಮುರಿಯೋಹಂಗ ಬೊಗಳಿದ್ರ ಸಿಗ್ತೈತಿ ಅಂತ ಕಲ್ತಂಗಾತು. ಮ್ಯಾಲಿಂದ ಒಂದ್ ದಿನ ಸಿಕ್ಕು ನಾಕು ದಿನ ಸಿಗದ ಇದ್ರ ಆ ಚಟ ಇನ್ನೂ ಗಟ್ಟಿ ಆಗ್ತೈತಿ. ಓಸಿ ಬರಸೋರನ್ನ, ಇಸ್ಪೀಟ್ ಆಡೋರನ್ನ ನೋಡೀರಲ್ಲ, ದಿನಾ ಸೋತಿದ್ರ ಎಂದೋ ಬಿಡ್ತಿದ್ರು, ಯಾವಾಗ ಬರ್ತೈತಿ ಗೊತ್ತಿಲ್ಲದ್ದಕ್ಕ ಹೊಲ ಮಾರೋವರೆಗೂ ಬಿಡಂಗಿಲ್ಲ. ಅದಕ್ಕ ಬಿಡಿಸೋ ಕೆಲಸಕ್ಕ ಕೈ ಹಾಕೋಕ ಮುಂಚೆ ಮನಿ ಮಂದಿ ಎಲ್ಲಾ ಒಂದ್ ಮಾತಿಗೆ ಬರ್ಬೇಕು, ಅದಾಗ್ಲಿಲ್ಲ ಅಂದ್ರ ಶುರುನ ಮಾಡ್ಬ್ಯಾಡ್ರಿ. ಹಾಂ, ಚಲೋ ರೂಢಿಗೆ ಇದನ್ನ ಬಳಸಬಹುದು: ಕುಂದ್ರೋದು ಪಕ್ಕಾ ಬಂದ್ಮ್ಯಾಲ ಪ್ರತಿ ಸಲ ತುಣುಕು ಬ್ಯಾಡ, ಒಮ್ಮೆ ಎರಡಕ್ಕ ಒಮ್ಮೆ ಐದಕ್ಕ ಕೊಡ್ರಿ, ನಡಕ ಬರೇ ಬೆನ್ನು ಸವರಿ, ಆಗ ಜೇಬಿನಾಗ ಏನೂ ಇಲ್ಲದಾಗ್ಲೂ ಅದು ಮಾತು ಕೇಳ್ತೈತಿ.

ಅಂಗಡಿ ಮುಂದ ಉರುಳಾಡಿ ಅಳೋ ಕೂಸಿಂದೂ ಇದ. ಅಳಾಕತ್ತಿದ್ಮ್ಯಾಲ ಚಿಪ್ಸ್ ಪ್ಯಾಕೆಟ್ ಕೊಡಿಸಿದ್ರ ಅದು ಲಂಚ, ಕಲಿಯೋದು ಅಳೋದನ್ನ. ಮನಿಯಿಂದ ಹೊರಡೋಕ ಮುಂಚೆನ "ಚೀಲ ಹಿಡ್ಕೊಂಡು ನನ್ನ ಜೋಡಿ ನಡದ್ರ ವಾಪಸ್ ಬರುವಾಗ ಒಂದ್ ಬಾಳಿಹಣ್ಣು ನೀನ ಆರಿಸ್ಕೋ" ಅಂತ ಹೇಳಿ, ನಡದ್ಮ್ಯಾಲ ಕೊಡಿಸಿದ್ರ ಅದು ಇನಾಮ. ದುಡ್ಡು ಖರ್ಚು ಮಾಡಬೇಕಂತಾನೂ ಇಲ್ಲ, ಅವಕ್ಕ ಸೇರೋ ಕೆಲಸಾನ ಇನಾಮ ಆಗ್ತೈತಿ, ಮೊದಲ ಹೋಂವರ್ಕ್ ಆಮ್ಯಾಲ ಕ್ರಿಕೆಟ್. ಪ್ರೀಮ್ಯಾಕ್ ಅನ್ನೋರು 1959ರಾಗ ಇದನ್ನ ಶಾಸ್ತ್ರಕ್ಕ ತಂದ್ರು, ನಮ್ಮ ಅಜ್ಜಿಗಳು "ಉಂಡು ಆಮ್ಯಾಲ ಆಡಾಕ ಹೋಗು" ಅಂತ ಮೊದಲಿಂದ ಹೇಳ್ಕೋತ ಬಂದದ್ದು ಅದನ್ನ.

ಆದ್ರ ಮನಷ್ಯಾರ ವಿಷಯದಾಗ ಇನಾಮ, ದಂಡ ಎರಡೂ ತಿರುಗಿ ಬಡಿತಾವು, ಹುಷಾರಿರ್ಬೇಕು. ನಾನು ಮೊದಲ ಕೆಲಸಕ್ಕಿದ್ದ ಕಡೆ ತಡ ಆಗಿ ಬಂದ್ರ 50 ರೂಪಾಯಿ ದಂಡ ಅಂತ ಮಾಡಿದ್ರು. ಮುಂಚೆ ತಡ ಆದೋರು ತಲಿ ತಗ್ಗಿಸಿ ಓಡಿ ಬರ್ತಿದ್ರು, ದಂಡ ಬಂದ್ಮ್ಯಾಲ "ಐವತ್ತು ಹೋದ್ರ ಹೋಗ್ಲಿ" ಅಂತ ಚಾ ಕುಡ್ಕೊಂಡು ಬರಾಕ ಹತ್ತಿದ್ರು. ಇಸ್ರೇಲಿನ ಹೈಫಾ ಊರಾಗಿನ ಹತ್ತು ಶಿಶುವಿಹಾರದಾಗ ನಡೆಸಿದ ಒಂದ್ ಅಧ್ಯಯನ 2000ದಾಗ ಬಂತು, ಅಲ್ಲೂ ಹಿಂಗ ಆಗಿತ್ತು. ಮಕ್ಕಳನ್ನ ಕರ್ಕೊಂಡ್ ಹೋಗಾಕ ತಡ ಮಾಡೋ ತಂದಿ ತಾಯಿಗೆ ಆರು ಕಡೆ 10 ಶೆಕೆಲ್ (ಅಲ್ಲಿನ ರೊಕ್ಕ) ದಂಡ ಹಾಕಿದ್ರು, ತಡ ಮಾಡೋರು ಕಡಿಮಿ ಆಗ್ಲಿಲ್ಲ, ಹೆಚ್ಚು ಕಡಿಮಿ ಎರಡ್ ಪಟ್ಟಾದ್ರು, ದಂಡ ತಗದ್ಮ್ಯಾಲೂ ಹಳೆ ಮಟ್ಟಕ್ಕ ಇಳೀಲಿಲ್ಲ. ಮೊದಲ ಅದು ಟೀಚರಿಗೆ ತೊಂದ್ರಿ ಕೊಡೋ ಸಂಕೋಚ ಆಗಿತ್ತು, ಈಗ ರೇಟು ಕಟ್ಟಿದ ಸರ್ವಿಸ್ ಆತು. ಮರ್ಯಾದಿ ಮ್ಯಾಲ ನಡಿಯೋ ಕೆಲಸಕ್ಕ ಸಣ್ಣ ದಂಡ ಹಾಕಬ್ಯಾಡ್ರಿ, ಟೈಮಿಗೆ ಬಂದೋರಿಗೆ ಚಲೋ ಶಿಫ್ಟ್ ಆರಿಸ್ಕೊಳ್ಳಾಕ ಬಿಡ್ರಿ, ಬರಾಕ ಯಾಕ ತಡ ಆಗ್ತೈತಿ ಅಂತ ಬಾಯಿಬಿಟ್ಟು ಕೇಳ್ರಿ, ಬಸ್ ಟೈಮು ಬದ್ಲಾಗಿರ್ತೈತಿ.

ಇನಾಮಕ್ಕೂ ಇದ ಅಪಾಯ. 1973ರಾಗ ಬಂದ ಒಂದ್ ಪ್ರಯೋಗದಾಗ, ಸ್ಕೆಚ್ ಪೆನ್ನಿಲೆ ಚಿತ್ರ ಬರಿಯೋದಂದ್ರ ಜೀವ ಬಿಡೋ ಸಣ್ಣ ಮಕ್ಕಳಿಗೆ "ಬರದ್ರ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಮೊದಲ ಹೇಳಿ ಕೊಟ್ರು. ಆಮ್ಯಾಲ ಸುಮ್ನ ಆಡಾಕ ಬಿಟ್ಟಾಗ ಆ ಮಕ್ಕಳು ಬೇರೆ ಮಕ್ಕಳಿಗಿಂತ ಸುಮಾರು ಅರ್ಧದಷ್ಟ ಟೈಮು ಪೆನ್ನು ಮುಟ್ಟಿದ್ರು. ಹೇಳದ ಕೊಟ್ಟೋರಿಗೆ ಹಂಗ ಆಗ್ಲಿಲ್ಲ. ಅದಕ್ಕ ಮಗಳು ತಾನಾಗೇ ರಂಗೋಲಿ ಹಾಕ್ತಾಳಂದ್ರ ರಂಗೋಲಿಗೆ ಹತ್ತು ರೂಪಾಯಿ ಅಂತ ರೇಟ್ ಕಟ್ಟಬ್ಯಾಡ್ರಿ, ಹಂತೇಕ ಕುಂತು "ಈ ಎಳಿ ಹೆಂಗ ತಿರುವಿದಿ" ಅಂತ ಕೇಳ್ರಿ.

ದೊಡ್ಡೋರ ಮ್ಯಾಲ ಕದ್ದು ಇದನ್ನ ಬಳಸೋದು ನನಗ ಸರಿ ಕಾಣಂಗಿಲ್ಲ. ನಾಯಿಗೆ ಮಾತು ಬರಂಗಿಲ್ಲ ಅಂತ ತುಣುಕಿಲೆ ಮಾತಾಡ್ತೀವಿ, ಹೆಂಡ್ತಿಗೆ ಗಂಡಗ ಬಾಯಿಲೆ ಹೇಳಬಹುದಲ್ಲ, "ನೀ ಬಂದ ಕೂಡ್ಲೆ ಬುತ್ತಿ ಡಬ್ಬಿ ತೊಳಿಯಾಕ ಇಟ್ರ ನನಗ ಭಾಳ ಹಗುರ ಆಗ್ತೈತಿ" ಅಂತ, ಇಟ್ಟ ದಿನ "ಇಟ್ಯಲ್ಲ, ಚಲೋ ಆತು" ಅಂತ. ಮತ್ತ ನಾಯಿಗೆ ಊಟ ನೀರು, ಮಕ್ಕಳಿಗೆ ಊಟ ಪ್ರೀತಿ, ಇವನ್ನ ಎಂದೂ ಕಸ್ಕೊಳ್ಳೋ ಸಾಮಾನು ಮಾಡಬ್ಯಾಡ್ರಿ. ಕಸ್ಕೊಳ್ಳೋದು ಆಟ, ಟಿವಿ, ನಿಮ್ಮ ಎರಡ್ ನಿಮಿಷದ ಗಮನ, ಅಷ್ಟ.

ಕರಿಯಂದು ಕಡೀಕ ಹೆಂಗ ಸರಿ ಆತು ಅಂದ್ರ, ಬೊಗಳಬ್ಯಾಡ ಅನ್ನೋದನ್ನ ಬಿಟ್ಟು ಬೊಗಳೋ ಜಾಗದಾಗ ಏನ್ ಮಾಡ್ಬೇಕು ಅನ್ನೋದನ್ನ ಕಲಿಸಿದ್ವಿ. ಅಡಗಿ ಮನಿ ಬಾಗಿಲಿಂದ ಆರು ಹೆಜ್ಜಿ ದೂರ ಒಂದ್ ಗೋಣಿಚೀಲ ಹಾಸಿದ್ವಿ. ಮಧ್ಯಾಹ್ನ, ಊಟದ ಗದ್ದಲ ಇಲ್ಲದಾಗ, ಚೀಲದ ಕಡೆ ಹೋದ್ರ ಟಕ್, ಕಾಲಿಟ್ರ ಟಕ್, ಮಲಗಿದ್ರ ಟಕ್, ತುಣುಕು ಚೀಲದ ಮ್ಯಾಲನ ಬೀಳ್ಬೇಕು, ಕೈಯಾಗ ಕೊಡಬಾರ್ದು. ಮೂರ್ ದಿನಕ್ಕ ತಾನಾಗೇ ಹೋಗಿ ಮಲಗಾಕ ಹತ್ತಿತು. ಆಮ್ಯಾಲ ಖಾಲಿ ತಾಟು ಸಪ್ಪಳ ಮಾಡಿ ಕಲಿಸಿದ್ವಿ, ಆಮ್ಯಾಲ ಖರೇ ಊಟ. ಮೊದಲ ರಾತ್ರಿ ಐದೈದು ಸೆಕೆಂಡಿಗೊಂದು ತುಣುಕು, ಮರುದಿನ ಹತ್ತಕ್ಕ, ವಾರಕ್ಕ ನಿಮಿಷಕ್ಕೊಂದು. ಎದ್ದು ಬಂದ್ರ ಬೈಯೋದಿಲ್ಲ, ತುಣುಕು ನಿಲ್ತೈತಿ, ವಾಪಸ್ ಹೋಗಿ ಮಲಗಿದ್ರ ಮತ್ತ ಚಾಲೂ.

ಈ ತುಣುಕು ಹಾಕೋ ಕೆಲಸಾನ ನಾವು ಅಜ್ಜಿಗೇ ವಹಿಸಿದ್ವಿ. ಕದ್ದು ಹಾಕೋರನ್ನ ತಡಿಯಾಕ ಆಗಂಗಿಲ್ಲರಿ, ಅವ್ರ ಕೈಯಾಗನ ಡಬ್ಬಿ ಕೊಟ್ಟುಬಿಡ್ಬೇಕು. ಈಗ ರಾತ್ರಿ ಊಟಕ್ಕ ಕುಂತ್ರ ಅಜ್ಜಿ ಬಗಲಾಗ ಒಂದ್ ಸ್ಟೀಲ್ ಡಬ್ಬಿ ಇರ್ತೈತಿ, ಕಣ್ಣು ಚೀಲದ ಕಡೆನ ಇರ್ತಾವು, ಅವ್ವ ಒಂದ್ ವ್ಯಾಳ್ಯಾ ಮರ್ತು ಬಾಗಿಲ ಕಡೆ ರೊಟ್ಟಿ ಒಗಿಯಾಕ ಹೋದ್ರ "ಏ, ಇನ್ನೂ ಎದ್ದು ನಿಂತೈತಿ, ತಡಿ" ಅಂತ ಅಜ್ಜಿನ ಕೈ ಹಿಡಿತಾಳ.